ಧಾರೇಶ್ವರದ ಹೆಸರಿನ ಕಮಲಾದೇವಿ

ಭಟ್ಕಳದಲ್ಲಿ ಬಸ್ ಹತ್ತಿ ಕುಮಟಾ ಕಡೆ ಹೊರಟರೆ ಶಿರಾಲಿ ದಾಟಿ, ಶರಾವತಿ ಸೇತುವೆ ದಾಟಿ ಹೊನ್ನಾವರ. ಕುಮಟಾ ಇನ್ನೇನು ಬಂತು ಅನ್ನುವಾಗ ಧಾರೇಶ್ವರ. ಊರಿಗೆ ಹೋಗಿ ಬರುವಾಗ ಈ ಬೋರ್ಡನ್ನು ನಾವು ಎಷ್ಟು ಸಲ ನೋಡಿಲ್ಲ! ಆದರೆ ಕಮಲಾದೇವಿ ಚಟ್ಟೋಪಾಧ್ಯಾಯರ ತವರಿನ ಅಡ್ಡಹೆಸರು ಧಾರೇಶ್ವರ ಅಂತ ನಮಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅವರ ಚಿತ್ರಾಪುರ ಸಾರಸ್ವತ ಸಮಾಜದ ಮಠ ಇರುವುದೂ ಇದೇ ದಾರಿಯ ಶಿರಾಲಿಯಲ್ಲಿ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ದೊಡ್ಡ ಸರ್ಕಾರಿ ಅಧಿಕಾರಿ. ಮಗಳು ಇನ್ನೂ ಚಿಕ್ಕವಳಿರುವಾಗಲೇ ಅವರು ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಜೀವನಾಂಶ ಬೇಡ ಅಂದ ತಾಯಿ ಗಿರಿಜಾಬಾಯಿ ಮಗಳನ್ನು ತಾವೇ ಸಾಕಿದರು. ಕಮಲಾದೇವಿಗೆ ಹದಿನಾಲ್ಕಕ್ಕೇ ಮದುವೆ, ಎರಡು ವರ್ಷದಲ್ಲಿ ವೈಧವ್ಯ. ಅವರು ಮೂಲೆ ಹಿಡಿದು ಕೂರಲಿಲ್ಲ. ಮದ್ರಾಸಿನಲ್ಲಿ ಓದು ಮುಂದುವರಿಸಿದರು, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ಜನ ಆಡಿಕೊಂಡರು, ಇವರು ತಲೆ ಕೆಡಿಸಿಕೊಳ್ಳಲಿಲ್ಲ.

ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಬಾರದು ಅನ್ನುವ ಕಾಲ ಅದು. ಕಮಲಾದೇವಿ ನಾಟಕಕ್ಕೂ ಬಂದರು, ಸಿನಿಮಾಕ್ಕೂ ಬಂದರು. ಶೂದ್ರಕನ ಮೃಚ್ಛಕಟಿಕ ಆಧರಿಸಿ ಮೋಹನ್ ಭವನಾನಿ ಮಾಡಿದ ಮೂಕಿ ಚಿತ್ರದಲ್ಲಿ ನಟಿಸಿದರು. ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು. 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರಲ್ಲಿ ಬೊಂಬಾಯಿಯಲ್ಲಿ ಉಪ್ಪು ಮಾರಿ ಜೈಲಿಗೂ ಹೋದರು.

ದೇಶ ಇಬ್ಭಾಗವಾದಾಗ ಮನೆಮಠ ಕಳೆದುಕೊಂಡವರು ದಿಲ್ಲಿಯ ಸುತ್ತ ಬಂದು ಬಿದ್ದರು. ಕಮಲಾದೇವಿ 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿದರು. ಊಟ ಹಾಕಿದರೆ ಇವತ್ತು ಕಳೆಯುತ್ತದೆ, ನಾಳೆಗೆ ಕೆಲಸ ಬೇಕು ಅನ್ನುವುದು ಅವರ ಲೆಕ್ಕ. ಛತರ್‌ಪುರದಲ್ಲಿ ಸಹಕಾರಿ ಬೇಸಾಯ ಶುರುವಾಯಿತು. ಫರೀದಾಬಾದ್‌ನಲ್ಲಿ ವಾಯವ್ಯ ಗಡಿಯಿಂದ ಬಂದ ಸಾವಿರಾರು ಜನರಿಗೆ ಹೊಸ ಊರೇ ಎದ್ದಿತು. ಸಿವಿಲ್‌ನವರು ಗಮನಿಸಿ: ಆ ಮನೆಗಳನ್ನು ಕಟ್ಟಲು ಗುತ್ತಿಗೆದಾರರನ್ನು ಕರೆಸುವ ಬದಲು ನಿರಾಶ್ರಿತರದ್ದೇ ಸಹಕಾರ ಸಂಘಗಳನ್ನು ಮಾಡಿದರು. ಮನೆಯೂ ಆಯಿತು, ಕೂಲಿಯೂ ಸಿಕ್ಕಿತು, ಕಸುಬೂ ಕೈಗೆ ಬಂತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಬಂದಾಗಲೂ ಹಿಡಿದದ್ದು ಅದೇ ದಾರಿ. ನೇಕಾರರು, ಕುಂಬಾರರು, ನಮ್ಮ ಕಡೆಯ ಗುಡಿಗಾರರಂಥ ಕೆತ್ತನೆಯವರು ತಮ್ಮ ಕೈಕೆಲಸದಿಂದಲೇ ಬದುಕಬೇಕು ಅಂತ ದೇಶವೆಲ್ಲ ಸುತ್ತಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಅವರು ಸಿನಿಮಾ ಮಾಡಿದ್ದು ಸ್ವಲ್ಪವೇ. ಆದರೆ ಜನ ಏನಂತಾರೋ ಅನ್ನುವ ಹೆದರಿಕೆಯನ್ನು ಅಲ್ಲೇ ಬಿಟ್ಟು ಬಂದಿದ್ದರು ಅಂತ ನಮಗನಿಸುತ್ತದೆ. ನೆರೆ ಬಂದಾಗ ನಾವೂ ಹಾಸ್ಟೆಲಿನಲ್ಲಿ ಅಕ್ಕಿ, ಬಟ್ಟೆ ಒಟ್ಟು ಮಾಡಿ ಕಳಿಸುತ್ತೇವೆ. ಅದು ಬೇಕೇ ಬೇಕು. ಆದರೆ ಅಕ್ಕಿ ಮುಗಿದ ಮೇಲೆ ಆ ಮನೆಯವರು ಏನು ಮಾಡುತ್ತಾರೆ? ಇಂಜಿನಿಯರಿಂಗ್ ಓದುವ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಅಲ್ವಾ?