ಕಾರ್ಮಿಕ ಶಾಸನಶಿಲ್ಪಿ ಡಾ. ಅಂಬೇಡ್ಕರ್

ಸಂವಿಧಾನಶಿಲ್ಪಿ ಎಂದೊಡನೆ ಡಾ. ಭೀಮರಾವ್ ರಾಮಜಿ ಅಂಬೇಡ್ಕರರ ಹೆಸರು ಆಬಾಲವೃದ್ಧರಿಗೂ ನೆನಪಾಗುತ್ತದೆ. ಆದರೆ ಸಂವಿಧಾನರಚನೆಗೆ ಕೈಹಚ್ಚುವ ಮುನ್ನ ಅವರು ನಾಲ್ಕು ವರ್ಷಕಾಲ ಈ ದೇಶದ ಕಾರ್ಮಿಕ ಇಲಾಖೆಯ ಹೊಣೆ ಹೊತ್ತಿದ್ದರೆಂಬುದನ್ನು ಬಲ್ಲವರು ವಿರಳ. ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ನಡುವೆ ಸರ್ಕಾರ ಕಾಯ್ದೆಯೊಡನೆ ನಿಲ್ಲಬೇಕೆ, ನಿಂತರೆ ದುಡಿಯುವವನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಇಂದು ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಣಕ ಕಚೇರಿಗಳಲ್ಲಿಯೂ ಕೇಳಿಬರುತ್ತಿದೆ. ಆ ಪ್ರಶ್ನೆಯನ್ನು ಅವರು ಜೀವನದುದ್ದಕ್ಕೂ ಎದುರಿಸಿದ್ದರು.

ಅಂಬೇಡ್ಕರರು ೧೮೯೧ರ ಏಪ್ರಿಲ್ ೧೪ರಂದು ಮಹೂ ದಂಡುಪ್ರದೇಶದಲ್ಲಿ, ಸೈನ್ಯದಲ್ಲಿ ಸುಬೇದಾರರಾಗಿದ್ದ ರಾಮಜಿ ಸಕ್ಪಾಲರ ಮಗನಾಗಿ ಜನಿಸಿದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ನಿನಲ್ಲಿಯೂ ಅರ್ಥಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದರೂ, ಮುಂಬಯಿಯ ಪರೇಲಿನ ಚಾಳುಗಳಲ್ಲಿ ಗಿರಣಿ ಕೂಲಿಕಾರರ ನೆರೆಯಲ್ಲಿಯೇ ಬಹುಕಾಲ ಬಾಳಿದರು. ಗಿರಣಿಯ ನೇಯ್ಗೆಯ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಅಲ್ಲಿ ದಲಿತರಿಗೆ ಪ್ರವೇಶವಿರಲಿಲ್ಲ. ಲಾಳಿಗೆ ಹೊಸ ನೂಲು ಸೇರಿಸುವಾಗ ಎಳೆಯನ್ನು ಬಾಯಿಂದ ಹೀರಬೇಕಾಗಿದ್ದುದರಿಂದ ಇತರ ನೇಕಾರರು ಅವರ ಜೊತೆ ದುಡಿಯಲೊಪ್ಪುತ್ತಿರಲಿಲ್ಲ. ೧೯೨೮ರ ಮಹಾಮುಷ್ಕರದ ಕಾಲದಲ್ಲಿ ಈ ಅನ್ಯಾಯವನ್ನು ಅಂಬೇಡ್ಕರರು ಕಾರ್ಮಿಕ ಮುಖಂಡರ ಎದುರೇ ಎತ್ತಿದರು. ದುಡಿಯುವವನನ್ನು ಮಾಲೀಕನೊಬ್ಬನೇ ಅಲ್ಲ, ಸಹೋದ್ಯೋಗಿಯೂ ತುಳಿಯಬಲ್ಲನೆಂಬ ಅರಿವು ಅವರಿಗೆ ಆಗಲೇ ಇದ್ದಿತು.

ಅದೇ ವರ್ಷದ ಜುಲೈನಲ್ಲಿ ಮುಂಬಯಿ ಶಾಸನಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಿತು. ಇಂಥ ಕಾಯ್ದೆಯಾದರೆ ಮಾಲೀಕರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಾರೆಂಬ ಆಕ್ಷೇಪ ಕೇಳಿಬಂದಿತು. ತಾಯಿಗೆ ಹೆರಿಗೆಯ ಮುಂಚೆಯೂ ಅನಂತರವೂ ವಿಶ್ರಾಂತಿ ದೊರೆಯುವುದು ದೇಶದ ಹಿತವಾದುದರಿಂದ ವೆಚ್ಚದ ಹೆಚ್ಚಿನ ಭಾಗವನ್ನು ಸರ್ಕಾರವೇ ಹೊರುವುದು ನ್ಯಾಯವೆಂದು ಅಂಬೇಡ್ಕರರು ಒಪ್ಪಿದರು. ಆದರೆ ಸರ್ಕಾರ ಹೊರದೆಹೋದರೆ, ಆ ಸ್ತ್ರೀಯ ದುಡಿಮೆಯ ಲಾಭ ಪಡೆಯುವ ಮಾಲೀಕನು ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು ವಾದಿಸಿದರು. ಮಸೂದೆ ೧೯೨೯ರಲ್ಲಿ ಕಾಯ್ದೆಯಾಯಿತು.

ಆದರೆ ಕಾರ್ಮಿಕರ ಹೆಸರು ಹೊತ್ತ ಕಾಯ್ದೆಗಳೆಲ್ಲವನ್ನೂ ಅವರು ಬೆಂಬಲಿಸಲಿಲ್ಲ. ೧೯೩೬ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿ ಮರುವರ್ಷ ಮುಂಬಯಿ ಶಾಸನಸಭೆಯನ್ನು ಪ್ರವೇಶಿಸಿದ ಅವರು, ೧೯೩೮ರಲ್ಲಿ ಕಾಂಗ್ರೆಸ್ ಸರ್ಕಾರ ತಂದ ಕೈಗಾರಿಕಾ ವಿವಾದಗಳ ಮಸೂದೆಯನ್ನು ಉಗ್ರವಾಗಿ ವಿರೋಧಿಸಿದರು. ಸಂಧಾನದ ವಿಧಿಗಳು ಮುಗಿಯುವ ಮುನ್ನ ಮುಷ್ಕರ ಹೂಡುವುದನ್ನು ಆ ಮಸೂದೆ ಅಪರಾಧವೆಂದು ಸಾರಿತ್ತು. ಮುಷ್ಕರವೆಂದರೆ ಹೆಚ್ಚೆಂದರೆ ಕರಾರಿನ ಉಲ್ಲಂಘನೆ. ಅದಕ್ಕಾಗಿ ಸೆರೆಮನೆಗೆ ಕಳುಹಿಸುವುದೆಂದರೆ ಕಾರ್ಮಿಕನನ್ನು ಜೀತದಾಳಾಗಿಸಿದಂತೆ ಎಂಬುದು ಅವರ ವಾದವಾಗಿತ್ತು. ಆ ವರ್ಷದ ನವೆಂಬರ್ ೭ರಂದು, ಬೇರೆ ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದ್ದ ಕಮ್ಯುನಿಸ್ಟರೊಡನೆ ಕೂಡಿ ಒಂದು ದಿನದ ಮುಷ್ಕರ ನಡೆಸಿದರು. ಮಸೂದೆ ಮಾತ್ರ ಕಾಯ್ದೆಯಾಗದೆ ಉಳಿಯಲಿಲ್ಲ.

೧೯೪೨ರ ಜುಲೈನಲ್ಲಿ ಅವರು ವೈಸರಾಯರ ಕಾರ್ಯನಿರ್ವಾಹಕ ಮಂಡಲಿಯ ಕಾರ್ಮಿಕ ಸದಸ್ಯರಾದರು. ನಿನ್ನೆಯ ಪ್ರತಿಭಟನಕಾರರು ಇಂದು ಅಧಿಕಾರಪೀಠದಲ್ಲಿದ್ದರು. ಅಲ್ಲಿಯೂ ಧರ್ಮಸಂಕಟ ತಪ್ಪಲಿಲ್ಲ. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಅಭಾವ ಉಂಟಾದಾಗ, ಹೆಂಗಸರು ಗಣಿಯೊಳಗೆ ಇಳಿದು ದುಡಿಯಬಾರದೆಂಬ ನಿಷೇಧವನ್ನು ಸರ್ಕಾರ ೧೯೪೩ರಲ್ಲಿ ತೆರವುಗೊಳಿಸಿತು. ೧೯೪೪ರ ಫೆಬ್ರವರಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಇದರ ಮೇಲೆ ಕಟುಟೀಕೆ ನಡೆಯಿತು. ಇದು ಆಪತ್ಕಾಲದ ಕ್ರಮವೆಂದೂ, ಹೆಂಗಸರಿಗೆ ಗಂಡಸರ ಸಮನಾದ ಕೂಲಿ ಗೊತ್ತುಮಾಡಲಾಗಿದೆಯೆಂದೂ ಅಂಬೇಡ್ಕರರು ಸಮರ್ಥಿಸಿಕೊಂಡರು. ನಿಷೇಧ ಮತ್ತೆ ಜಾರಿಗೆ ಬಂದುದು ೧೯೪೬ರ ಫೆಬ್ರವರಿಯಲ್ಲಿ. ರಕ್ಷಣೆಯ ಕಾಯ್ದೆ ಸಡಿಲವಾದರೆ ಆ ಭಾರ ಮೊದಲು ಯಾರ ಹೆಗಲಿಗೆ ಬೀಳುವುದೆಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

೧೯೪೬ರಲ್ಲಿ ಅವರ ಶಾಸನಕಾರ್ಯ ಫಲಕೊಟ್ಟಿತು. ಅವರು ದಿನಕ್ಕೆ ಹದಿನಾಲ್ಕು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿದರೆಂಬ ಮಾತು ಪ್ರಚಾರದಲ್ಲಿದೆ. ವಾಸ್ತವವಾಗಿ ೧೯೩೪ರ ಕಾರ್ಖಾನೆ ಕಾಯ್ದೆಯು ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ ೫೪, ದಿನಕ್ಕೆ ೧೦ ಗಂಟೆಯ ಮಿತಿ ಹಾಕಿತ್ತು. ಅಂಬೇಡ್ಕರರು ಮಂಡಿಸಿದ ತಿದ್ದುಪಡಿ ಅದನ್ನು ೪೮ಕ್ಕೂ ೯ಕ್ಕೂ ಇಳಿಸಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ವಿಧಿಸಿತು. ಅತಿಶಯೋಕ್ತಿಯ ಅಲಂಕಾರವಿಲ್ಲದೆಯೂ ಇದು ಮಹತ್ಕಾರ್ಯವೇ ಸರಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ ಬಂದಿತು. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಮೊದಲಾದ ನಿಯಮಗಳನ್ನು ಮಾಲೀಕನು ಲಿಖಿತವಾಗಿ ಪ್ರಕಟಿಸಿ ಸರ್ಕಾರಿ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಳ್ಳಬೇಕೆಂಬುದು ಅದರ ತಿರುಳು. ಕನಿಷ್ಠ ವೇತನ ಮಸೂದೆಯನ್ನೂ ಅವರು ಆಗಲೇ ಮಂಡಿಸಿದರು. ಅದು ಕಾಯ್ದೆಯಾದುದು ೧೯೪೮ರಲ್ಲಿ.

ಸರ್ಕಾರದ ಹಿಡಿತ ಸಡಿಲವಾದಷ್ಟೂ ಪ್ರಜೆಗಳ ಸ್ವಾತಂತ್ರ್ಯ ಹೆಚ್ಚುವುದೆಂಬ ವಾದಕ್ಕೆ ಅವರು ೧೯೪೭ರಲ್ಲಿ ಸಂವಿಧಾನಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲಿ ಉತ್ತರವಿತ್ತರು. ಆ ಸ್ವಾತಂತ್ರ್ಯ ದಕ್ಕುವುದು ಗೇಣಿ ಏರಿಸುವ ಜಮೀನುದಾರನಿಗೆ, ದುಡಿಮೆಯ ವೇಳೆ ಹೆಚ್ಚಿಸಿ ಕೂಲಿ ಇಳಿಸುವ ಬಂಡವಳಿಗನಿಗೆ. ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಹಿಡಿಯಲೇಬೇಕಾದವನಿಗಲ್ಲ ಎಂಬುದು ಅದರ ಸಾರಾಂಶ. ಮುಂದೆ ಸಂವಿಧಾನದ ೨೩ನೆಯ ವಿಧಿಯಲ್ಲಿ ಬಲಾತ್ಕಾರದ ದುಡಿಮೆಗೆ ನಿಷೇಧವೂ, ೪೨ ಹಾಗೂ ೪೩ನೆಯ ವಿಧಿಗಳಲ್ಲಿ ಹೆರಿಗೆ ಸೌಲಭ್ಯ ಮತ್ತು ಜೀವನವೇತನದ ಆಶಯಗಳೂ ನೆಲೆಗೊಂಡವು. ಅಂಬೇಡ್ಕರರು ೧೯೫೬ರ ಡಿಸೆಂಬರ್ ೬ರಂದು ದಿವಂಗತರಾದರು.

ಅವರು ತಂದ ಕಾಯ್ದೆಗಳ ವಿವಾದ ಅನಂತರ ಬೆಂಗಳೂರಿನ ಹೊರವಲಯದಲ್ಲಿ ಮರುಹುಟ್ಟು ಪಡೆಯಿತು. ಕರ್ನಾಟಕ ಸರ್ಕಾರ ೨೦೧೪ರಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐದು ವರ್ಷಗಳ ವಿನಾಯಿತಿ ನೀಡಿ, ೨೦೧೯ರಲ್ಲಿ ಅದನ್ನು ಮುಂದುವರಿಸಿತು. ಹೊರದೇಶದ ಗ್ರಾಹಕರ ಹಗಲಿಗೆ ಹೊಂದಿಕೊಂಡು ದುಡಿಯುವ ಉದ್ಯಮಕ್ಕೆ ಗಿರಣಿಯ ನಿಯಮ ಒಗ್ಗದು, ಬಿಗಿಮಾಡಿದರೆ ಉದ್ಯೋಗವೇ ಅನ್ಯರಾಜ್ಯಕ್ಕೆ ಹೋದೀತು ಎಂಬುದು ಉದ್ಯಮಿಗಳ ವಾದ. ನಿಯಮವೇ ಇಲ್ಲದಿದ್ದರೆ ವಜಾ ಆದವನು ಯಾವುದನ್ನು ತೋರಿಸಿ ನ್ಯಾಯ ಕೇಳಬೇಕೆಂಬುದು ನೌಕರಸಂಘದ ಪ್ರಶ್ನೆ. ೨೦೨೩ರಲ್ಲಿ ರಾಜ್ಯ ವಿಧಾನಮಂಡಲವು ಕಾರ್ಖಾನೆಗಳ ದಿನದ ದುಡಿಮೆಯನ್ನು ೧೨ ಗಂಟೆಯವರೆಗೆ ಏರಿಸಲು ಅವಕಾಶವಿತ್ತಿತು. ವಾರದ ಮಿತಿ ಮಾತ್ರ ೪೮ರಲ್ಲಿಯೇ ಉಳಿಯಿತು. ೨೦೨೫ರ ನವೆಂಬರ್ ೨೧ರಂದು ೨೯ ಕೇಂದ್ರ ಕಾಯ್ದೆಗಳ ಸ್ಥಾನದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸ್ಥಾಯಿ ಆದೇಶಗಳ ವಿಧಿ ೩೦೦ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಸೀಮಿತವಾಯಿತು. ಪೀಣ್ಯದ ಸಣ್ಣ ಕಾರ್ಖಾನೆಗಳ ದುಡಿಮೆಗಾರರು ಅದರ ಹೊರಗುಳಿದರು.

ಕಾಯ್ದೆ ಎಂದೊಡನೆ ಅಂಬೇಡ್ಕರರು ಕೈಮುಗಿಯಲೂ ಇಲ್ಲ, ಸಿಡಿದೇಳಲೂ ಇಲ್ಲ. ಅದು ಬಲಹೀನನ ಕೈಕಟ್ಟುವುದೋ, ಬಲಶಾಲಿಯ ಕೈ ತಡೆಯುವುದೋ ಎಂದು ಪರಾಮರ್ಶಿಸಿ, ೧೯೩೮ರ ಕಾಯ್ದೆಯನ್ನು ವಿರೋಧಿಸಿದರು, ೧೯೪೬ರ ಕಾಯ್ದೆಗಳನ್ನು ತಾವೇ ತಂದರು. ವಿದ್ಯಾಲಯದಿಂದ ಹೊರಟು ಕೆಲವರು ನೌಕರರಾಗುತ್ತಾರೆ, ಕೆಲವರು ಹತ್ತಾರು ಮಂದಿಗೆ ಉದ್ಯೋಗ ಕೊಡುವ ಮಾಲೀಕರಾಗುತ್ತಾರೆ. ಈ ಪರಾಮರ್ಶೆ ಇಬ್ಬರಿಗೂ ಬೇಕು. ಕೂಲಿ ಕೊಡುವವರಿಗೆ ಒಂದು ತೂಕ ಹೆಚ್ಚಾಗಿಯೇ ಬೇಕು. ಅದನ್ನು ಆಚರಣೆಗೆ ತಂದಾಗ ಆ ಮಹನೀಯರ ಸ್ಮರಣೆ ಸಾರ್ಥಕವಾದೀತು.