ಗಂಧದ ಮರ ನಮ್ಮದು, ಎಣ್ಣೆ ಜರ್ಮನಿಯದು

ಪ್ರತಿ ಸೆಪ್ಟೆಂಬರ್ 15ಕ್ಕೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ನಾನೂ ನಾಲ್ಕು ವರ್ಷ ಆ ಸಾಲಿನಲ್ಲಿ ನಿಂತವನೇ. ಭಾಷಣಗಳೆಲ್ಲ ಕನ್ನಂಬಾಡಿಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿದ್ದವು. ಚೀನಾ ಬಿಟ್ಟು ಹೊರಡೋ ಕಾರ್ಖಾನೆಗಳನ್ನು ಕರೆತರಲು ರಾಜ್ಯಗಳು ಪೈಪೋಟಿಗೆ ಬಿದ್ದಿರುವ ಈ ಹೊತ್ತಿನಲ್ಲಿ, ಅಣೆಕಟ್ಟಿಗಿಂತ ಕಷ್ಟದ ಅವರ ಇನ್ನೊಂದು ಕೆಲಸದ ಬಗ್ಗೆ ಮಾತಾಡೋಣ.

ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಹುಡುಗ. ಚಿಕ್ಕವಯಸ್ಸಿಗೇ ತಂದೆ ಹೋದರು. ಮನೆಪಾಠ ಹೇಳಿ ಬೆಂಗಳೂರಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1898ರಲ್ಲಿ ಜಪಾನ್‌ಗೆ ಹೋಗಿಬಂದರು. ಕೆಲವೇ ದಶಕಗಳಲ್ಲಿ ಕಾರ್ಖಾನೆಗಳ ನಾಡಾಗಿದ್ದ ಆ ದೇಶ ಅವರ ತಲೆಯಿಂದ ಕೊನೆವರೆಗೂ ಇಳಿಯಲಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರಾದರು.

ಆಗ ಶ್ರೀಗಂಧ ಮೈಸೂರು ಸರ್ಕಾರದ ಸೊತ್ತು. ಮರ ಇಲ್ಲಿ ಹರಾಜಾಗಿ ಹಡಗು ಹತ್ತುತ್ತಿತ್ತು, ಎಣ್ಣೆ ತೆಗೆಯೋದು ಹೆಚ್ಚಾಗಿ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಗಿದ್ದೇ ತಡ, ಕೊಳ್ಳುವವರಿಲ್ಲದೆ ಮರ ಇಲ್ಲೇ ಉಳಿಯಿತು. ಇನ್ನೊಬ್ಬ ಗಿರಾಕಿಯನ್ನು ಹುಡುಕೋದು ಸುಲಭದ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನರು ಅದನ್ನು ಹಿಡಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ, ವಾಟ್ಸನ್ ಎಂಬ ಪ್ರಾಧ್ಯಾಪಕರು ಬಟ್ಟಿ ಇಳಿಸೋ ಪ್ರಯೋಗ ಮಾಡಿದರು. ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಓಡಾಡಿದರು. 1916ರಲ್ಲಿ ಬೆಂಗಳೂರಲ್ಲಿ, ಮರುವರ್ಷ ಮೈಸೂರಲ್ಲಿ ಎಣ್ಣೆ ಕಾರ್ಖಾನೆ ಬಂತು. 1918ಕ್ಕೆ ಸಾಬೂನು ಕಾರ್ಖಾನೆಯೂ ಆಯ್ತು. ಪ್ರಯೋಗಾಲಯ, ಸರ್ಕಾರದ ಹಣ, ಕಚ್ಚಾಮಾಲು ಮೂರೂ ಒಂದೇ ಊರಲ್ಲಿ ಕೂಡಿದ್ದರಿಂದ ಆದ ಕೆಲಸ ಇದು. ಬರೀ ತೆರಿಗೆ ವಿನಾಯಿತಿ ಕೊಟ್ಟು ಆಗಿದ್ದಲ್ಲ.

ಗಂಧ ಬೇಗ ಕೈಹಿಡಿಯಿತು. ಕಬ್ಬಿಣ ಹಾಗಲ್ಲ.

ಭದ್ರಾವತಿಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರಬೇಕು. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇಲ್ಲ. ಹಾಗಾಗಿ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ ಕುಲುಮೆ ಉರಿಸೋ ಯೋಜನೆ. (ಕಾಡು ತೆತ್ತ ಬೆಲೆಯ ಲೆಕ್ಕ ಆಗ ಯಾರೂ ಇಡಲಿಲ್ಲ.) ಕಬ್ಬಿಣ ಹೊರಬಂದಿದ್ದು 1923ರ ಜನವರಿಯಲ್ಲಿ. ಅಷ್ಟೊತ್ತಿಗೆ ಯುದ್ಧಕಾಲದ ದರ ಕುಸಿದುಹೋಗಿತ್ತು. ರಾಜ್ಯದ ಬೊಕ್ಕಸಕ್ಕೆ ಬಿಳಿಯಾನೆ ಕಟ್ಟಿಹಾಕಿದರು ಅಂತ ಜನ ಆಡಿಕೊಂಡರು. ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ಆಗಲೇ ನಾಲ್ಕು ವರ್ಷ ದಾಟಿತ್ತು. ದೂರ ಕೂತು ಸಮರ್ಥನೆ ಬರೆಯಬಹುದಿತ್ತು. ಬದಲಿಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವಾಪಸ್ ಬಂದು 1929ರವರೆಗೆ ಕೂತರು. ಖರ್ಚು ಇಳಿಸಿದರು, ದುಬಾರಿ ವಿದೇಶಿ ತಜ್ಞರ ಜಾಗಕ್ಕೆ ಮೈಸೂರಿನ ಇಂಜಿನಿಯರುಗಳನ್ನು ತಂದರು. ನನಗೆ ಅವರು ದೊಡ್ಡವರಾಗಿ ಕಾಣೋದು ಈ ಆರು ವರ್ಷಗಳಲ್ಲಿ. ಕಾರ್ಖಾನೆ ಉದ್ಘಾಟಿಸೋರು ಸಿಗ್ತಾರೆ, ನಷ್ಟದ ಲೆಡ್ಜರ್ ಮುಂದೆ ಕೂರೋರು ಸಿಗಲ್ಲ.

ಮೆಚ್ಚುವಾಗ ಇದನ್ನೂ ಹೇಳಬೇಕು. 1918ರಲ್ಲಿ ಅವರು ದಿವಾನ ಹುದ್ದೆ ಬಿಟ್ಟಿದ್ದಕ್ಕೆ ಮುಖ್ಯ ಕಾರಣ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಚಿಂತನೆ. ಅರ್ಹತೆ ಕುಸಿಯುತ್ತೆ ಅನ್ನೋದು ಅವರ ವಾದ. ಉದ್ಯಮ ಊರಿಗೆ ಬಂದರೆ ಸಾಕೇ, ಊರಲ್ಲಿ ಯಾರಿಗೆ ಕೆಲಸ ಅಂತ ಕೇಳೋದು ಬೇಡವೇ? ಆ ಪ್ರಶ್ನೆಗೆ ನಾಲ್ವಡಿಯವರ ಕಿವಿ ದಿವಾನರಿಗಿಂತ ಚುರುಕಾಗಿತ್ತು.

ಎಪ್ಪತ್ತು ದಾಟಿದ ಮೇಲೂ ಸುಮ್ಮನಿರಲಿಲ್ಲ. 1934ರಲ್ಲಿ ಯೋಜಿತ ಆರ್ಥಿಕತೆಯ ಪುಸ್ತಕ ಬರೆದರು. 1935ರಲ್ಲಿ ಯುರೋಪ್, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿಬಂದು, ಇಲ್ಲೇ ಕಾರು ತಯಾರಿಸೋ ಯೋಜನೆ ಮುಂದಿಟ್ಟರು. ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ಭದ್ರಾವತಿ ಕಾರ್ಖಾನೆಗೆ ಆಮೇಲೆ ಅವರದೇ ಹೆಸರಿಟ್ಟರು, ಅದು ಸೈಲ್ ಕೈಗೆ ಹೋಯಿತು. ಅದಿರು ಪಕ್ಕದಲ್ಲಿದೆ ಅಂತಲೇ ಅಲ್ಲಿ ಕಟ್ಟಿದ ಕಾರ್ಖಾನೆಗೆ ಕೊನೆಕೊನೆಗೆ ಸ್ವಂತ ಗಣಿಯೇ ಇರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಮುಚ್ಚಲು ಸೈಲ್ ಆಡಳಿತ ಮಂಡಳಿ ತಾತ್ವಿಕ ಒಪ್ಪಿಗೆ ಕೊಟ್ಟಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು.