ಕಾಕತಿಯ ಹೆಣ್ಣುಮಗಳು, ಕಿತ್ತೂರಿನ ರಾಣಿ

ಮುಂಬೈ, ಪುಣೆ ಕಡೆ ರಸ್ತೆ ಮಾರ್ಗವಾಗಿ ಹೋಗಿ ಬರುವ ನಮ್ಮವರಿಗೆ ಬೆಳಗಾವಿ ಪೇಟೆ ಹೊಸದಲ್ಲ. ಪೇಟೆ ದಾಟಿ ಆರೇಳು ಕಿಲೋಮೀಟರ್ ಹೋದರೆ ಹೆದ್ದಾರಿ ಬದಿಯಲ್ಲಿ ಕಾಕತಿ ಅಂತ ಒಂದು ಊರು ಸಿಗುತ್ತದೆ. ಚಹಾಕ್ಕೆ ಗಾಡಿ ನಿಲ್ಲಿಸಿದರೆ ಅಲ್ಲಿ ಕನ್ನಡವೂ ಕೇಳುತ್ತದೆ, ಮರಾಠಿಯೂ ಕೇಳುತ್ತದೆ, ಮುಸ್ಲಿಮರ ಬಾಯಲ್ಲಿ ದಖ್ಖನಿ ಉರ್ದುವೂ ಕೇಳುತ್ತದೆ. ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ್ದು ಇದೇ ಊರಿನಲ್ಲಿ. ಶಾಲೆಯ ಪುಸ್ತಕದಲ್ಲಿ ಕತ್ತಿ ಹಿಡಿದು ಕುದುರೆ ಏರಿದ ಚಿತ್ರ ನೋಡಿದ ನಮ್ಮ ಮಕ್ಕಳಿಗೆ ಹೆಸರು ಗೊತ್ತುಂಟು, ಕಥೆ ಪೂರ್ತಿ ಗೊತ್ತಿಲ್ಲ. ಹಿರಿಯರಿಗೂ ಮರೆತಿರಬಹುದು. ಈ ವಾರ ಅದನ್ನೇ ಹೇಳೋಣ ಅಂತ ಅನಿಸಿತು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ತಂದೆ ಕಾಕತಿಯ ಧೂಳಪ್ಪ ದೇಸಾಯಿ. ಲಿಂಗಾಯತ ಮನೆತನ. ಹೆಣ್ಣುಮಗಳಾದರೂ ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆ ಎಲ್ಲ ಕಲಿತಳು. ಮದುವೆಯಾದದ್ದು ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಜೊತೆ. ಬೆಳಗಾವಿಗೂ ಧಾರವಾಡಕ್ಕೂ ನಡುವೆ ಇರುವ ಕಿತ್ತೂರು ಆಗ ಸಣ್ಣದಾದರೂ ಅನುಕೂಲವಂತ ಸಂಸ್ಥಾನ. ಮಲ್ಲಸರ್ಜನಿಗೆ ರುದ್ರವ್ವ ಎಂಬ ಹಿರಿಯ ಹೆಂಡತಿ ಇದ್ದಳು. ಚೆನ್ನಮ್ಮನ ಸ್ವಂತ ಮಗ ಬದುಕಿ ಉಳಿಯಲಿಲ್ಲ. ರುದ್ರವ್ವನ ಮಗ ಶಿವಲಿಂಗರುದ್ರಸರ್ಜನೇ ಮುಂದೆ ಪಟ್ಟಕ್ಕೆ ಬಂದ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಿತ್ತೂರಿಗೆ ನಾಲ್ಕೂ ಕಡೆಯಿಂದ ನೋವಾಗಿತ್ತು. ನಾವು ಅಭಿಮಾನದಿಂದ ನೆನೆಯುವ ಟಿಪ್ಪು ಸುಲ್ತಾನರ ಸೈನ್ಯವೇ 1780ರ ದಶಕದಲ್ಲಿ ಕಿತ್ತೂರನ್ನು ಹಿಡಿದಿತ್ತು. ಮಲ್ಲಸರ್ಜ ಅವರ ಸೆರೆಯಲ್ಲಿ ಕಾಲ ಕಳೆದದ್ದುಂಟು. ಆಮೇಲೆ ಪುಣೆಯ ಪೇಶ್ವೆ ಎರಡನೇ ಬಾಜೀರಾಯ ಅದೇ ಮಲ್ಲಸರ್ಜನನ್ನು ಹಿಡಿದು ಪುಣೆಯಲ್ಲಿಟ್ಟ. ಕಾಯಿಲೆ ಬಿದ್ದ ಮೇಲೆ ಬಿಟ್ಟರು, ಊರಿಗೆ ಮರಳುವ ಹೊತ್ತಿನಲ್ಲೇ 1816ರಲ್ಲಿ ತೀರಿಕೊಂಡ. ಹಾಗಾಗಿ ಮೈಸೂರಿನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಕ್ಕೂ, ಮರಾಠರ ಮೇಲೆ ದ್ವೇಷ ಸಾಧಿಸಲಿಕ್ಕೂ ಚೆನ್ನಮ್ಮನಿಗೆ ಸಾಕಷ್ಟು ಕಾರಣ ಇತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯುವಾಗ ಕಿತ್ತೂರು ಇಂಗ್ಲಿಷ್ ಕಂಪೆನಿಯ ಪಕ್ಷಕ್ಕೇ ನಿಂತಿತು. ಅವರಿಗೆ ಕಪ್ಪ ಕೊಟ್ಟು ನೆಮ್ಮದಿಯಿಂದ ಇರಬಹುದು ಅಂತ ಅಂದುಕೊಂಡಿತು.

ಆ ಲೆಕ್ಕ ತಪ್ಪಿತು. 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಮುದ್ರೆ ಹಾಕಿಸಿದ, ಕಾವಲು ಇಟ್ಟ. ಡಾಲ್‌ಹೌಸಿಯ ಹೆಸರಿನಲ್ಲಿ ನಾವು ಓದುವ ದತ್ತು ನಿರಾಕರಣೆಯ ನೀತಿ ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಇತ್ತು. ಆದರೆ ಅದರ ಬಿಸಿ ಕಿತ್ತೂರಿಗೆ ಆಗಲೇ ತಟ್ಟಿತು.

ಚೆನ್ನಮ್ಮ ಕೂಡಲೇ ಕತ್ತಿ ಎಳೆಯಲಿಲ್ಲ, ಇದನ್ನು ಗಮನಿಸಬೇಕು. ಮೊದಲು ಪತ್ರ ಬರೆದಳು. ಮುಂಬೈಯ ಗವರ್ನರ್ ಎಲ್ಫಿನ್‌ಸ್ಟನ್ ತನಕ ಮನವಿ ಹೋಯಿತು. ಏನೂ ಪ್ರಯೋಜನ ಆಗಲಿಲ್ಲ. ಥ್ಯಾಕರೆ ಸೈನ್ಯ, ತೋಪು ತಂದು ಕೋಟೆ ಬಾಗಿಲ ಎದುರು ನಿಂತ, ಗಡುವು ಕೊಟ್ಟ. 1824ರ ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಹೊರಗೆ ಬಂದದ್ದು ಕಿತ್ತೂರಿನ ಪಡೆ. ಥ್ಯಾಕರೆ ಅಲ್ಲೇ ಸತ್ತ. ಅವನಿಗೆ ಗುಂಡು ಹೊಡೆದದ್ದು ಅಮಟೂರು ಬಾಳಪ್ಪ ಅಂತ ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕಿದರು. ಅವರನ್ನು ರಾಣಿ ಗೌರವದಿಂದಲೇ ನೋಡಿಕೊಂಡಳು. ಸಂಧಾನದ ಭರವಸೆಯ ಮೇಲೆ ಬಿಟ್ಟೂ ಕೊಟ್ಟಳು. ಕೈಗೆ ಸಿಕ್ಕಿದ ಶತ್ರುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ನಮ್ಮ ಮದ್ರಸದ ಪಾಠದಲ್ಲೂ ಬರುವ ವಿಷಯ. ಅದನ್ನು ಮಾಡಿ ತೋರಿಸಿದವರು ಯಾವ ಧರ್ಮದವರಾದರೂ ನಮಗೆ ಗೌರವ ಬರುತ್ತದೆ.

ಭರವಸೆ ನಿಲ್ಲಲಿಲ್ಲ. ಕಮಿಷನರ್ ಚಾಪ್ಲಿನ್ ದೊಡ್ಡ ಪಡೆ ಕೂಡಿಸಿ ಡಿಸೆಂಬರ್ ಮೊದಲ ವಾರದಲ್ಲಿ ಮತ್ತೆ ಬಂದ. ಆ ಪಡೆಯಲ್ಲಿ ಬಂದೂಕು ಹಿಡಿದವರಲ್ಲಿ ಹೆಚ್ಚಿನವರು ಇದೇ ನೆಲದ ಸಿಪಾಯಿಗಳು. ಕೋಟೆಯೊಳಗೂ ಒಡಕು ಇತ್ತು. ಮಲ್ಲಪ್ಪ ಶೆಟ್ಟಿ, ವೆಂಕಟರಾಯ ಎಂಬ ಇಬ್ಬರು ಸಂಸ್ಥಾನದ ಅನ್ನ ಉಂಡೇ ಕಂಪೆನಿಯ ಕಡೆ ಸೇರಿಕೊಂಡಿದ್ದರು. ಮದ್ದಿನಲ್ಲಿ ಸೆಗಣಿ ಬೆರೆಸಿ ತೋಪು ಹಾರದಂತೆ ಮಾಡಿದ್ದು ಅವರ ಸಂಚು ಅಂತ ಜನ ಹೇಳುತ್ತಾರೆ. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು. ದ್ರೋಹ ಮಾಡಿದವರು ಬೇರೆ ಭಾಷೆಯವರು, ಬೇರೆ ಮತದವರು ಅಂತ ಕಿತ್ತೂರಿನ ಕಥೆಯಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಮನೆಯೊಳಗಿನವರೇ ಮಾಡಿದ್ದು.

ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. ನಾಲ್ಕು ವರ್ಷಕ್ಕಿಂತ ಹೆಚ್ಚು ಸೆರೆಯಲ್ಲೇ ಕಳೆದು 1829ರ ಫೆಬ್ರವರಿಯಲ್ಲಿ ಆಕೆ ಕಣ್ಣು ಮುಚ್ಚಿದಳು. ಸಮಾಧಿ ಬೈಲಹೊಂಗಲದಲ್ಲೇ ಉಂಟು. ಆಕೆಯ ಸಾವಿನ ಬಳಿಕ ಕುರುಬ ಮನೆತನದ ಸಂಗೊಳ್ಳಿ ರಾಯಣ್ಣ ಬಡ ರೈತರನ್ನು ಕೂಡಿಸಿಕೊಂಡು ಹೋರಾಟ ಮುಂದುವರಿಸಿದ. ಅವನ ಬಳಗದಲ್ಲಿ ಗಜವೀರ ಎಂಬ ಸಿದ್ದಿ ವೀರನ ಹೆಸರನ್ನು ಜನ ಇಂದಿಗೂ ಹೇಳುತ್ತಾರೆ. ಆಫ್ರಿಕಾದಿಂದ ಬಂದ ಹಿರಿಯರ ಸಂತತಿ ಸಿದ್ದಿಗಳು, ಖಾನಾಪುರ, ಹಳಿಯಾಳದ ಕಾಡಿನ ಬದಿಯಲ್ಲಿ ಅವರು ಈಗಲೂ ಇದ್ದಾರೆ. ಅವರಲ್ಲಿ ಮುಸ್ಲಿಮರೂ ಇದ್ದಾರೆ. ರಾಯಣ್ಣನನ್ನು ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೆ ಏರಿಸಿದರು.

ಲಿಂಗಾಯತ ರಾಣಿ, ಕುರುಬ ಸರದಾರ, ಸಿದ್ದಿ ಸಂಗಾತಿ. ಇವರು ನಮ್ಮ ಈಗಿನ ಅರ್ಥದ ಕನ್ನಡ ನಾಡಿಗಾಗಿ, ಭಾರತಕ್ಕಾಗಿ ಹೋರಾಡಿದರು ಅಂತ ಹೇಳಿದರೆ ಅದು ಪೂರ್ತಿ ಸರಿಯಾಗುವುದಿಲ್ಲ. ಅವರು ನಿಂತದ್ದು ಕಿತ್ತೂರಿನ ಹಕ್ಕಿಗಾಗಿ. ಆದರೆ ಅನ್ಯಾಯದ ಎದುರು ನಿಂತಾಗ ಪಕ್ಕದವನ ಜಾತಿ ಕೇಳಲಿಲ್ಲ. 1857ರ ದಂಗೆಗಿಂತ 33 ವರ್ಷ ಮೊದಲು ಇದು ನಡೆದದ್ದು.

ಅದೇ ಸೀಮೆಯಲ್ಲಿ ಈಗಿನ ಸ್ಥಿತಿ ನೋಡಿ. 1956ರಲ್ಲಿ ಭಾಷೆಯ ಆಧಾರದಲ್ಲಿ ರಾಜ್ಯಗಳಾದವು. ಬೆಳಗಾವಿ ಜಿಲ್ಲೆ ಚಂದಗಡ ತಾಲೂಕು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಯ ಮರಾಠಿಗರಿಗೆ ಅಸಮಾಧಾನ ಉಳಿಯಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ, ಕೆಲವು ಹಳ್ಳಿಗಳು ಅತ್ತಿತ್ತ ಆಗಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿಯಾಯಿತು. ಬಸ್ಸಿಗೆ ಕಲ್ಲು ಬಿದ್ದರೆ ಒಳಗೆ ಕೂತ ಪ್ರಯಾಣಿಕ ಎರಡೂ ಕಡೆಯವನೂ ಹೌದು.

ಇದು ದೂರದ ಜಗಳ ಅಂತ ನಾವು ಬಿಡುವ ಹಾಗಿಲ್ಲ. ಅದೇ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂದಿತ್ತು, ಅದೂ ಆಗಲಿಲ್ಲ. ಮಂಜೇಶ್ವರ, ಉಪ್ಪಳದಲ್ಲಿ ನಮ್ಮ ಎಷ್ಟು ಮನೆಗಳ ಸಂಬಂಧ ಉಂಟು! 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಕಣ್ಣೆದುರು ಇದ್ದೂ ಅಲ್ಲಿಯ ರೋಗಿಗಳು ಬರಲಾಗದೆ ಒದ್ದಾಡಿದರು. ಗಡಿ ಗೆರೆ ಮನುಷ್ಯನ ಮೇಲೆ ಬಿದ್ದರೆ ಏನಾಗುತ್ತದೆ ಅಂತ ನಾವು ನೋಡಿಯೇ ಬಿಟ್ಟೆವು.

ಭಾಷೆಯ ನೋವನ್ನು ಕೇಳದೆ ಇದ್ದರೂ ಅಪಾಯ. 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳಿಗೆ ಗುಂಡು ಹೊಡೆದರು. ಎರಡೂ ಕಡೆ ಮುಸ್ಲಿಮರೇ, ಆದರೂ 1971ರಲ್ಲಿ ಆ ದೇಶ ಎರಡಾಯಿತು. ಶ್ರೀಲಂಕಾ 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂದಿತು, ಮುಂದೆ 1983ರಿಂದ 2009ರ ತನಕ ಯುದ್ಧ. ಆ ಜಗಳದ ನಡುವೆ 1990ರಲ್ಲಿ ಜಾಫ್ನಾದ ತಮಿಳು ಮಾತಾಡುವ ಮುಸ್ಲಿಮರು ಉಟ್ಟ ಬಟ್ಟೆಯಲ್ಲೇ ಊರು ಬಿಡಬೇಕಾಯಿತು. ನಮ್ಮ ದೇಶ ಭಾಷೆಗೊಂದು ರಾಜ್ಯ ಕೊಟ್ಟು ಆ ದಾರಿ ತಪ್ಪಿಸಿಕೊಂಡಿತು. ಆದರೆ ಗಡಿಯಲ್ಲಿ ಉಳಿದುಹೋದ ಸಣ್ಣ ಗುಂಪಿನ ದೂರು ಕೇಳುವ ತಾಳ್ಮೆ ಇನ್ನೂ ಬೇಕು. ಬೆಳಗಾವಿಯ ಮರಾಠಿ ಶಾಲೆಗೂ, ಕಾಸರಗೋಡಿನ ಕನ್ನಡ ಶಾಲೆಗೂ ಒಂದೇ ನ್ಯಾಯ ಇರಬೇಕು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಮಾತಾಡುವ ನಮಗೆ ಇದು ಬೇಗ ಅರ್ಥ ಆಗಬೇಕು.

2007ರ ಸೆಪ್ಟೆಂಬರ್ 11ರಂದು ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. ಅನಾವರಣ ಮಾಡಿದ್ದು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್, ಮಹಾರಾಷ್ಟ್ರದ ಮರಾಠಿ ಹೆಣ್ಣುಮಗಳು. ಚೆನ್ನಮ್ಮನ ಹೆಸರಿನ ರೈಲು ಕೂಡ ಬೆಂಗಳೂರಿನಿಂದ ಬೆಳಗಾವಿ ದಾಟಿ ಮಹಾರಾಷ್ಟ್ರದ ಕಡೆಗೇ ಓಡುತ್ತದೆ. ಇನ್ನೊಮ್ಮೆ ಆ ದಾರಿಯಲ್ಲಿ ಹೋಗುವಾಗ ಕಾಕತಿಯಲ್ಲಿ ಐದು ನಿಮಿಷ ಗಾಡಿ ನಿಲ್ಲಿಸಿ, ಮಕ್ಕಳಿಗೆ ಊರು ತೋರಿಸಿ, ಈ ಕಥೆ ಹೇಳಿ. ಟಿಪ್ಪುವಿನ ಸೆರೆಯ ಮಾತನ್ನೂ ಬಿಡದೆ ಹೇಳಿ. ನಮ್ಮವರ ತಪ್ಪನ್ನೂ ಹೇಳಿ ಬೆಳೆಸಿದ ಮಕ್ಕಳು ನಾಳೆ ಬೇರೆಯವರ ನೋವನ್ನೂ ಕೇಳಿಯಾರು.